ಶಾಸನದ ಮೌನ ಮತ್ತು ಮಳೆಯ ನಕ್ಷತ್ರ: ಮೈಸೂರು ಸೀಮೆಯಲ್ಲಿ ಬದಲಾಗುವ ನಕ್ಷತ್ರಗಳ ದಾಖಲೆಯ ಪ್ರಶ್ನೆ

ಪ್ರಸ್ತಾವನೆ

ಶಾಸನ, ಪಂಚಾಂಗ ಮತ್ತು ಜನಪದ ಕಾಲಜ್ಞಾನ ಈ ಮೂರೂ ಆಕಾಶವನ್ನು ಆಧರಿಸಿ ಬೆಳೆದ ಪರಂಪರೆಗಳಾಗಿವೆ. ದಾನ ಕೊಟ್ಟ ದಿನದ ಗ್ರಹಣವನ್ನು ಶಾಸನವು ಕಲ್ಲಿನ ಮೇಲೆ ನಿಲ್ಲಿಸಿದರೆ, ಬರಲಿರುವ ಗ್ರಹಣವನ್ನು ಪಂಚಾಂಗವು ಮುಂಚಿತವಾಗಿ ತಿಳಿಸುತ್ತದೆ. ಬೇಸಾಯಗಾರನು ವರ್ಷದ ಮಳೆಯನ್ನು ನಕ್ಷತ್ರಗಳ ಹೆಸರಿನಲ್ಲಿ ಹಂಚಿಕೊಳ್ಳುತ್ತಾನೆ. ಮೈಸೂರು ನಗರವು ಈ ಮೂರೂ ಪರಂಪರೆಗಳ ಅಧ್ಯಯನಕ್ಕೆ ಕೇಂದ್ರವಾಗಿದೆ. ಬಿ. ಎಲ್. ರೈಸ್ ಅವರ ನೇತೃತ್ವದಲ್ಲಿ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳು ರೂಪುಗೊಂಡದ್ದು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿ. 1891ರಲ್ಲಿ ಆರಂಭವಾದ ಪ್ರಾಚ್ಯ ಪುಸ್ತಕ ಭಂಡಾರ, ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗದ ಕೇಂದ್ರ ಕಚೇರಿ, ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆ ಹಾಗೂ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯ ಇರುವುದೂ ಈ ನಗರದಲ್ಲಿಯೇ.

ಇಷ್ಟು ಸಮೃದ್ಧವಾದ ದಾಖಲೆಗಳ ನಡುವೆ ಒಂದು ಕೊರತೆ ಎದ್ದು ಕಾಣುತ್ತದೆ. ಆಕಾಶದಲ್ಲಿ ಹಠಾತ್ತನೆ ತೋರಿ ಮರೆಯಾಗುವ ನಕ್ಷತ್ರಗಳನ್ನು, ಕಾಂತಿಯಲ್ಲಿ ಹೆಚ್ಚು ಕಡಿಮೆಯಾಗುವ ನಕ್ಷತ್ರಗಳನ್ನು ಕುರಿತು ಈ ಮೂರು ಪರಂಪರೆಗಳೂ ಬಹುಮಟ್ಟಿಗೆ ಮೌನವಾಗಿವೆ. ಮೊದಲನೆಯ ಬಗೆಯನ್ನು ಇಂದು ನೋವಾ, ಸೂಪರ್‌ನೋವಾ ಎಂದೂ ಎರಡನೆಯದನ್ನು ಚಂಚಲ ನಕ್ಷತ್ರ ಎಂದೂ ಕರೆಯಲಾಗುತ್ತದೆ. ಈ ಮೌನಕ್ಕೆ ಯಾವ ಅರ್ಥವನ್ನು ಕೊಡಬೇಕು ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ. ನಮ್ಮ ಪೂರ್ವಿಕರು ಆಕಾಶವನ್ನು ನೋಡಲೇ ಇಲ್ಲ ಎಂಬ ತೀರ್ಮಾನವೂ, ಅವರು ಎಲ್ಲವನ್ನೂ ಕಂಡು ಸಂಕೇತರೂಪದಲ್ಲಿ ಅಡಗಿಸಿಟ್ಟಿದ್ದಾರೆ ಎಂಬ ತೀರ್ಮಾನವೂ ಸಮಾನವಾಗಿ ಅವಸರದವು. ಇವೆರಡನ್ನೂ ಬಿಟ್ಟು, ಯಾವ ಬಗೆಯ ದಾಖಲೆ ಯಾವುದನ್ನು ಬರೆದಿಡಲು ಹುಟ್ಟಿಕೊಂಡಿತು ಎಂಬ ದಿಕ್ಕಿನಿಂದ ಈ ಪ್ರಶ್ನೆಯನ್ನು ಪರಿಶೀಲಿಸಬೇಕಾಗಿದೆ.

ಹನ್ನೊಂದನೆಯ ಶತಮಾನದ ಎರಡು ನಕ್ಷತ್ರಗಳು

ಕ್ರಿ.ಶ. 1006ರ ಏಪ್ರಿಲ್ ಕೊನೆ ಹಾಗೂ ಮೇ ಆರಂಭದ ಹೊತ್ತಿಗೆ ದಕ್ಷಿಣ ಆಕಾಶದ ವೃಕ ಪುಂಜದಲ್ಲಿ ಒಂದು ಹೊಸ ನಕ್ಷತ್ರ ಕಾಣಿಸಿಕೊಂಡಿತು. ಚೀನಾ ಮತ್ತು ಜಪಾನಿನ ಆಸ್ಥಾನ ಜ್ಯೋತಿಷಿಗಳು, ಈಜಿಪ್ಟಿನ ವೈದ್ಯ ಅಲಿ ಇಬ್ನ್ ರಿದ್ವಾನ್, ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಮಠದ ಸನ್ಯಾಸಿಗಳು ಅದನ್ನು ದಾಖಲಿಸಿದರು. ಶುಕ್ರಗ್ರಹವನ್ನೂ ಮೀರಿದ ಪ್ರಭೆಯಿಂದ ಕೂಡಿದ್ದ ಈ ನಕ್ಷತ್ರವು ಮಾನವನ ಲಿಖಿತ ಇತಿಹಾಸದಲ್ಲಿ ದಾಖಲಾದ ನಕ್ಷತ್ರಗಳಲ್ಲೆಲ್ಲ ಅತ್ಯಂತ ಉಜ್ಜ್ವಲವಾದದ್ದೆಂದು ಪರಿಗಣಿತವಾಗಿದೆ. 1054ರ ಜುಲೈ 4ರಂದು ವೃಷಭ ರಾಶಿಯಲ್ಲಿ ಮತ್ತೊಂದು ನಕ್ಷತ್ರ ತೋರಿತು. ಚೀನೀ ದಾಖಲೆಗಳ ಪ್ರಕಾರ ಅದು 23 ದಿನಗಳ ಕಾಲ ಹಗಲಿನಲ್ಲಿಯೇ ಕಾಣುತ್ತಿತ್ತು. ರಾತ್ರಿಯ ಆಕಾಶದಲ್ಲಿ 1056ರ ಏಪ್ರಿಲ್‌ವರೆಗೂ ಉಳಿದಿತ್ತು. ಅದರ ಅವಶೇಷವೇ ಇಂದಿನ ಏಡಿ ನೀಹಾರಿಕೆ.

ಈ ಎರಡೂ ನಕ್ಷತ್ರಗಳು ಮೈಸೂರು ಸೀಮೆಯಿಂದ ಕಾಣುವಂತಿದ್ದವೇ ಎಂಬುದನ್ನು ಮೊದಲು ನಿರ್ಧರಿಸಬೇಕು. ಮೈಸೂರಿನ ಅಕ್ಷಾಂಶ ಸುಮಾರು 12.3 ಅಂಶ ಉತ್ತರ. 1006ರ ನಕ್ಷತ್ರವು ಇಲ್ಲಿ ದಕ್ಷಿಣ ದಿಗಂತದಿಂದ ಸುಮಾರು 40 ಅಂಶ ಮೇಲಕ್ಕೇರುತ್ತಿತ್ತು. ಸೇಂಟ್ ಗಾಲೆನ್ನಿನಲ್ಲಿ ಅದು ದಿಗಂತವನ್ನು ಸವರಿಕೊಂಡು ಸಾಗಿತ್ತೆಂಬುದನ್ನು ನೆನೆದರೆ ಮೈಸೂರಿನ ಅನುಕೂಲ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಮೇ ತಿಂಗಳು ಮುಂಗಾರಿಗೆ ಮುಂಚಿನ ಕಾಲ. ಆಗೀಗ ಗುಡುಗು ಮಳೆ ಬಂದರೂ ಆಕಾಶ ವಾರಗಟ್ಟಲೆ ಮುಚ್ಚಿಕೊಂಡಿರುವುದಿಲ್ಲ. ಬೇಸಗೆಯಲ್ಲಿ ಅಂಗಳದಲ್ಲಿ, ಕಣದಲ್ಲಿ ಮಲಗುವ ಜನರಿಗೆ ಆ ನಕ್ಷತ್ರವು ಕಾಣದೆ ಹೋಗುವ ಸಂಭವವೇ ಇಲ್ಲ. 1054ರ ಸ್ಥಿತಿ ಬೇರೆ. ಜುಲೈನಲ್ಲಿ ಆ ನಕ್ಷತ್ರ ಸೂರ್ಯೋದಯಕ್ಕೆ ಮುಂಚೆ ಪೂರ್ವದಲ್ಲಿ ಮೂಡುತ್ತಿತ್ತು. ಅದು ಅತ್ಯಂತ ಪ್ರಕಾಶಮಾನವಾಗಿದ್ದ ವಾರಗಳು ಇಲ್ಲಿನ ಮುಂಗಾರಿನ ಮೋಡದಲ್ಲಿ ಕಳೆದಿರಬೇಕು. ಆದರೆ ಮಳೆ ಹಿಂದೆ ಸರಿದ ಮೇಲೆ ಚಳಿಗಾಲದ ನಿರ್ಮಲ ರಾತ್ರಿಗಳಲ್ಲಿ ಅದು ಬರಿಗಣ್ಣಿಗೆ ಕಾಣುತ್ತಲೇ ಇತ್ತು. ಆದ್ದರಿಂದ ಮೋಡದ ಕಾರಣವು 1054ರ ಮೌನವನ್ನು ಸ್ವಲ್ಪಮಟ್ಟಿಗೆ ವಿವರಿಸೀತು. 1006ರ ಮೌನವನ್ನು ವಿವರಿಸಲಾರದು.

ರಾಜಕೀಯವಾಗಿಯೂ ಅದು ಸಾಮಾನ್ಯ ಕಾಲವಾಗಿರಲಿಲ್ಲ. 1004ರ ಸುಮಾರಿಗೆ ತಲಕಾಡು ಚೋಳರ ವಶವಾಗಿ ಶತಮಾನಗಳ ಗಂಗರ ಆಳ್ವಿಕೆ ಕೊನೆಗೊಂಡಿತ್ತು. ಉತ್ತರದಲ್ಲಿ ಕಲ್ಯಾಣದ ಚಾಲುಕ್ಯ ಸತ್ಯಾಶ್ರಯನು ಚೋಳರೊಡನೆ ಯುದ್ಧನಿರತನಾಗಿದ್ದನು. ಅಪಶಕುನವನ್ನು ಹುಡುಕುವವರಿಗೆ ಇದಕ್ಕಿಂತ ತಕ್ಕ ಸಂದರ್ಭ ಇರಲಾರದು. ಆದರೂ ಈ ನಕ್ಷತ್ರವನ್ನು ಖಚಿತವಾಗಿ ಗುರುತಿಸಬಹುದಾದ, ವಿದ್ವಾಂಸರೆಲ್ಲರೂ ಒಪ್ಪಿದ ಉಲ್ಲೇಖವೊಂದು ಈ ಸೀಮೆಯ ಪ್ರಕಟಿತ ಶಾಸನಗಳಿಂದ ಹೊರಬಂದಿಲ್ಲ. 1572 ಮತ್ತು 1604ರ ಸೂಪರ್‌ನೋವಾಗಳ ವಿಷಯದಲ್ಲಿಯೂ ಸ್ಥಿತಿ ಹೀಗೆಯೇ ಇದೆ. 1604ರ ನಕ್ಷತ್ರ ತೋರಿದಾಗ ಮೈಸೂರನ್ನು ರಾಜ ಒಡೆಯರು ಆಳುತ್ತಿದ್ದರು. ಶ್ರೀರಂಗಪಟ್ಟಣವು ಅವರ ಕೈಸೇರಲು ಇನ್ನೂ ಆರು ವರ್ಷಗಳಿದ್ದವು.

ಶಾಸನಗಳು ಬರೆದದ್ದು ಏನನ್ನು

ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಮತ್ತು ನಾಲ್ಕನೆಯ ಸಂಪುಟಗಳು ಮೈಸೂರು ಜಿಲ್ಲೆಗೆ ಮೀಸಲಾದವು. ರೈಸ್ ಅವರ ಕಾಲದಲ್ಲಿ ಸಂಸ್ಥಾನದಾದ್ಯಂತ ಸಂಗ್ರಹವಾದ ಶಾಸನಗಳ ಸಂಖ್ಯೆ ಸುಮಾರು ಒಂಬತ್ತು ಸಾವಿರ. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಇವುಗಳ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಈ ಶಾಸನಗಳ ಕಾಲೋಲ್ಲೇಖದ ಭಾಗವನ್ನು ಗಮನಿಸಿದರೆ ಒಂದು ಸಿದ್ಧಮಾದರಿ ಕಾಣುತ್ತದೆ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಅವುಗಳ ಜೊತೆಗೆ ಸೂರ್ಯಗ್ರಹಣ, ಸೋಮಗ್ರಹಣ, ಉತ್ತರಾಯಣ ಸಂಕ್ರಮಣ, ವ್ಯತೀಪಾತ ಮೊದಲಾದ ಪುಣ್ಯಕಾಲದ ನಿರ್ದೇಶನ. ದಾನದ ಫಲವನ್ನು ಹೆಚ್ಚಿಸುವ ಕಾಲವೆಂಬ ಕಾರಣದಿಂದಲೇ ಗ್ರಹಣವು ಕಲ್ಲಿಗೆ ಬಂದಿದೆ. ಆಕಾಶದ ವಿಸ್ಮಯವಾಗಿ ಅದಕ್ಕೆ ಅಲ್ಲಿ ಸ್ಥಾನವಿಲ್ಲ. ಶಾಸನದ ಗ್ರಹಣ ಮೊದಲು ಪಂಚಾಂಗದಲ್ಲಿ ಗಣಿತವಾದದ್ದು. ಅದನ್ನು ಕಣ್ಣಾರೆ ಕಂಡಿರಲೇಬೇಕೆಂಬ ನಿಯಮವೂ ಇರಲಿಲ್ಲ.

ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಅವರು ಶಾಸನಗಳನ್ನು ಖಗೋಳ ವಿಜ್ಞಾನದ ಆಕರಗಳಾಗಿ ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವು ಈ ದಿಕ್ಕಿನಲ್ಲಿ ಮಹತ್ವದ್ದು. ಗ್ರಹಣ, ಸಂಕ್ರಮಣ ಮೊದಲಾದವುಗಳ ಉಲ್ಲೇಖಗಳನ್ನು ಆಧುನಿಕ ಗಣನೆಯೊಡನೆ ಹೋಲಿಸಿ ನೋಡುವ ಕ್ರಮವನ್ನು ಅದು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದಿತು. ಶಾಸನವು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು, ಯಾವುದಕ್ಕೆ ಕೊಡಲಾರದು ಎಂಬ ವಿವೇಕವೂ ಇಂತಹ ಕೆಲಸದಿಂದಲೇ ಸ್ಪಷ್ಟವಾಗುತ್ತದೆ. ಹೊಸ ನಕ್ಷತ್ರದ ಉದಯವು ದಾನಕ್ಕೆ ಪುಣ್ಯಕಾಲವಲ್ಲ. ಆದುದರಿಂದ ದಾನಶಾಸನದ ಸಿದ್ಧಮಾದರಿಯಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ.

ಇಲ್ಲಿ ವೀರಗಲ್ಲುಗಳ ಬಗೆಗೆ ಒಂದು ಎಚ್ಚರಿಕೆಯ ಮಾತು ಅವಶ್ಯ. ಮೈಸೂರು ಸೀಮೆಯ ವೀರಗಲ್ಲು, ಮಾಸ್ತಿಕಲ್ಲುಗಳ ಮೇಲ್ತುದಿಯಲ್ಲಿ ಸೂರ್ಯ ಮತ್ತು ಬಾಲಚಂದ್ರರನ್ನು ಕೆತ್ತುವುದು ಸರ್ವೇಸಾಮಾನ್ಯ. ಚಂದ್ರನ ಪಕ್ಕದಲ್ಲಿ ದುಂಡನೆಯ ಬಿಂಬವೊಂದು ಕಂಡಾಕ್ಷಣ ಅದನ್ನು 1054ರ ನಕ್ಷತ್ರವೆಂದು ಊಹಿಸುವ ಆಕರ್ಷಣೆ ಸಹಜ. ಅಮೆರಿಕದ ಚಾಕೊ ಕಣಿವೆಯ ಬಂಡೆಚಿತ್ರಕ್ಕೆ ಅಂತಹ ವ್ಯಾಖ್ಯಾನ ಬಂದಿದೆ. ಕಾಶ್ಮೀರದ ಬುರ್ಜಹೋಂನಲ್ಲಿ ದೊರೆತ, ಆಕಾಶದಲ್ಲಿ ಎರಡು ಬಿಂಬಗಳನ್ನು ತೋರಿಸುವ ಶಿಲಾಚಿತ್ರವನ್ನು ಅತಿ ಪ್ರಾಚೀನವಾದ ಸೂಪರ್‌ನೋವಾ ಒಂದರೊಡನೆ ಜೋಡಿಸುವ ಊಹೆಯನ್ನು ಮಯಾಂಕ್ ವಾಹಿಯಾ ಮತ್ತು ಸಂಗಡಿಗರು ಮಂಡಿಸಿದ್ದಾರೆ. ಆದರೆ ನಮ್ಮ ವೀರಗಲ್ಲಿನ ಸೂರ್ಯಚಂದ್ರರು ಒಂದು ಆಶಯಕ್ಕೆ ಸೇರಿದವರು. ಚಂದ್ರಾರ್ಕರಿರುವವರೆಗೆ ಈ ಕೀರ್ತಿ, ಈ ದತ್ತಿ ನಿಲ್ಲಲಿ ಎಂಬ ಶಾಶ್ವತತೆಯ ಮುದ್ರೆಯದು. 1006ಕ್ಕೆ ಮುಂಚಿನ ಕಲ್ಲಿನಲ್ಲಿಯೂ 1054ರ ಅನಂತರದ ಕಲ್ಲಿನಲ್ಲಿಯೂ ಅದೇ ಆಶಯ ಪುನರಾವರ್ತನೆಯಾಗುತ್ತದೆ. ಪುನರಾವರ್ತನೆಯಾಗುವ ಆಶಯವನ್ನು ಒಂದೇ ಸಲ ನಡೆದ ಘಟನೆಗೆ ಸಾಕ್ಷಿಯೆಂದು ನಿಲ್ಲಿಸುವುದು ಜಾನಪದ ಅಧ್ಯಯನದ ಮೂಲ ಶಿಸ್ತಿಗೆ ವಿರುದ್ಧವಾದದ್ದು.

ಗಣಿತ ಮತ್ತು ಉತ್ಪಾತ

ಶಾಸನ ಬಿಟ್ಟುದನ್ನು ಶಾಸ್ತ್ರಗ್ರಂಥ ಹಿಡಿದಿಟ್ಟಿದೆಯೇ? ಹನ್ನೊಂದನೆಯ ಶತಮಾನದ ಈ ಎರಡು ನಕ್ಷತ್ರಗಳ ನಡುವಣ ಅವಧಿಯಲ್ಲಿಯೇ ಕನ್ನಡದಲ್ಲಿ ಎರಡು ಮುಖ್ಯ ಕೃತಿಗಳು ಹುಟ್ಟಿದವೆಂಬುದು ಗಮನಾರ್ಹ. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ವು 1025ರ ಸುಮಾರಿನದು. ಶ್ರೀಧರಾಚಾರ್ಯನ 'ಜಾತಕತಿಲಕ'ವು 1049ರದು. ಕನ್ನಡದ ಮೊದಲ ಜ್ಯೋತಿಷ ಗ್ರಂಥವೆಂದು ಅದಕ್ಕೆ ಪ್ರಸಿದ್ಧಿ ಇದೆ. ಆದರೆ ಜಾತಕಶಾಸ್ತ್ರವು ತಿಳಿದ ಗ್ರಹಗಳ ಗಣಿತಸಿದ್ಧ ಸ್ಥಾನಗಳನ್ನು ಆಧರಿಸಿದ್ದು. ಲೋಕೋಪಕಾರವು ಮಳೆ, ಬೆಳೆ, ವಾಸ್ತು, ಶಕುನ ಮೊದಲಾದ ಬಳಕೆಯ ವಿಷಯಗಳ ಸಂಗ್ರಹ. ಐದು ವರ್ಷಗಳ ಅನಂತರ ತೋರಲಿದ್ದ ನಕ್ಷತ್ರವನ್ನು ಜಾತಕತಿಲಕದಲ್ಲಿ ನಿರೀಕ್ಷಿಸುವುದು ಸಾಧ್ಯವಿಲ್ಲವೆಂಬುದು ಸ್ಪಷ್ಟ. ಮುಖ್ಯವಾದದ್ದು, ಆ ಬಗೆಯ ಗ್ರಂಥದ ಚೌಕಟ್ಟಿನಲ್ಲಿ ಅಂತಹ ನಕ್ಷತ್ರಕ್ಕೆ ಸ್ಥಾನವಿರಲಿಲ್ಲ ಎಂಬುದು.

ಈ ಚೌಕಟ್ಟಿನ ಮೂಲವನ್ನು ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಕಾಣಬಹುದು. ಕೇತುಗಳ ಉದಯಾಸ್ತಗಳನ್ನು ಗಣಿತದಿಂದ ಅರಿಯಲಾಗದೆಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಉತ್ಪಾತಗಳನ್ನು ದಿವ್ಯ, ಆಂತರಿಕ್ಷ, ಭೌಮ ಎಂದು ಮೂರಾಗಿ ವಿಂಗಡಿಸುತ್ತಾನೆ. ಹೀಗೆ ಆಕಾಶವು ಎರಡು ಭಾಗವಾಯಿತು. ಲೆಕ್ಕಕ್ಕೆ ಸಿಗುವುದು ಸಿದ್ಧಾಂತ ಮತ್ತು ಪಂಚಾಂಗದ ಪಾಲಿಗೆ ಬಂದಿತು. ಲೆಕ್ಕಕ್ಕೆ ಸಿಗದ್ದು ಉತ್ಪಾತವಾಗಿ ಶಾಂತಿಕರ್ಮದ ಪಾಲಿಗೆ ಹೋಯಿತು. ಉತ್ಪಾತಕ್ಕೆ ಬೇಕಾದದ್ದು ಫಲ ಮತ್ತು ಪರಿಹಾರ. ದಿನಾಂಕ, ಸ್ಥಾನ, ಕಾಂತಿಯ ಪ್ರಮಾಣ ಇವು ಅದಕ್ಕೆ ಬೇಡ. ಚೀನಾದಲ್ಲಿಯೂ ಹೊಸ ನಕ್ಷತ್ರ ಶಕುನವೇ ಆಗಿತ್ತು. ಆದರೆ ಅಲ್ಲಿ ಶಕುನವನ್ನು ದಿನಾಂಕ ಸಹಿತ ಬರೆದಿಡಲು ರಾಜ್ಯವೇ ನೇಮಿಸಿದ ಕಚೇರಿ ಇತ್ತು. ಎರಡು ನಾಡುಗಳ ನಡುವಿನ ವ್ಯತ್ಯಾಸವನ್ನು ಅಂತಹ ಬರಹದ ವ್ಯವಸ್ಥೆಯ ಇರುವಿಕೆಯಲ್ಲಿಯೂ ಇಲ್ಲದಿರುವಿಕೆಯಲ್ಲಿಯೂ ಹುಡುಕಬೇಕು. ನೋಡುವ ಕಣ್ಣು ಎರಡೂ ಕಡೆ ಇತ್ತು.

ಆರ್ದ್ರೆಯ ಮಳೆ, ಆರ್ದ್ರೆಯ ನಕ್ಷತ್ರ

ಜನಪದ ಕಾಲಜ್ಞಾನದ ಸ್ಥಿತಿ ಇನ್ನೂ ಕುತೂಹಲಕರವಾಗಿದೆ. ಮೈಸೂರು, ಚಾಮರಾಜನಗರ, ಮಂಡ್ಯ ಜಿಲ್ಲೆಗಳ ಒಕ್ಕಲಿಗರಲ್ಲಿ ಬಿತ್ತನೆ ಮತ್ತು ಕೊಯ್ಲಿನ ಕಾಲವನ್ನು ಮಳೆ ನಕ್ಷತ್ರಗಳಿಂದ ಹೇಳುವ ರೂಢಿ ಇಂದಿಗೂ ಇದೆ. ಏಪ್ರಿಲ್ ಮಧ್ಯದ ಅಶ್ವಿನಿಯಿಂದ ತೊಡಗಿ ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರೆ ಎಂದು ಮುಂದುವರಿದು ಸ್ವಾತಿ, ವಿಶಾಖೆಗಳವರೆಗೆ ಪ್ರತಿಯೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನಗಳ ಅವಧಿ ಉಂಟು. ಪ್ರತಿಯೊಂದರ ಗುಣಾವಗುಣಗಳನ್ನು ಹೇಳುವ ಗಾದೆಗಳು ಹೇರಳವಾಗಿವೆ. ಮೈಸೂರಿನಲ್ಲಿ ಅಚ್ಚಾಗುವ ಒಂಟಿಕೊಪ್ಪಲ್ ಪಂಚಾಂಗದಂತಹ ಪ್ರಕಟಣೆಗಳೂ ಈ ಮಳೆಗಳ ಪ್ರವೇಶ ದಿನವನ್ನು ಕೊಡುತ್ತವೆ.

ಈ ಪಟ್ಟಿಯಲ್ಲಿರುವ ಆರ್ದ್ರೆಯು ಆಧುನಿಕ ಖಗೋಳ ವಿಜ್ಞಾನದ ಬೀಟಲ್‌ಜೂಸ್ ಎಂದು ಸಾಮಾನ್ಯವಾಗಿ ಗುರುತಿಸಲ್ಪಟ್ಟಿದೆ. ಅದು ಚಂಚಲ ನಕ್ಷತ್ರ. 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಅದು ಬರಿಗಣ್ಣಿಗೆ ಎದ್ದು ಕಾಣುವಷ್ಟು ಮಂಕಾಗಿ, ಅನಂತರ ಚೇತರಿಸಿಕೊಂಡಿತು. ನಕ್ಷತ್ರವು ಹೊರಚೆಲ್ಲಿದ ದ್ರವ್ಯ ತಣ್ಣಗಾಗಿ ಧೂಳಾಗಿ ಬೆಳಕನ್ನು ತಡೆದದ್ದೇ ಇದಕ್ಕೆ ಮುಖ್ಯ ಕಾರಣವೆಂದು ವಿಜ್ಞಾನಿಗಳು ವಿವರಿಸಿದ್ದಾರೆ. ಪ್ರತಿವರ್ಷ ಆರ್ದ್ರೆಯ ಹೆಸರು ಹೇಳುವ ಬೇಸಾಯಗಾರನು ಅದರ ಕಾಂತಿಯ ಏರಿಳಿತವನ್ನು ತಲೆಮಾರುಗಳಿಂದ ಬಲ್ಲನೆಂದು ಹೇಳಲು ಇದು ಆಧಾರವಾಗಬಹುದೇ?

ಆಗಲಾರದು. ಆರ್ದ್ರೆಯ ಮಳೆ ಎಂದರೆ ಸೂರ್ಯನು ಆರ್ದ್ರಾ ನಕ್ಷತ್ರದಲ್ಲಿ ಇರುವ, ಜೂನ್ ಕೊನೆಯ ಮತ್ತು ಜುಲೈ ಮೊದಲ ವಾರಗಳ ಅವಧಿ. ಆ ದಿನಗಳಲ್ಲಿ ಆರ್ದ್ರಾ ನಕ್ಷತ್ರವು ಸೂರ್ಯನ ಸಮೀಪದಲ್ಲಿದ್ದು ಹಗಲ ಬೆಳಕಿನಲ್ಲಿ ಮುಳುಗಿರುತ್ತದೆ. ಅಂದರೆ ಯಾವ ನಕ್ಷತ್ರದ ಮಳೆ ಸುರಿಯುತ್ತಿದೆಯೋ ಆ ನಕ್ಷತ್ರವೇ ಆಗ ಆಕಾಶದಲ್ಲಿ ಕಾಣದು. ಮಳೆ ನಕ್ಷತ್ರವೆಂಬುದು ನೋಡುವ ನಕ್ಷತ್ರವಲ್ಲ, ಎಣಿಸುವ ನಕ್ಷತ್ರ. ಅದು ಕಾಲದ ಹೆಸರು. ಜನರು ರಾತ್ರಿಯ ಆಕಾಶವನ್ನು ನೋಡಿ ಹೊತ್ತು ಅಳೆಯುವ ಸಂಪ್ರದಾಯ ಬೇರೆಯೇ ಇದೆ. ಬೆಳ್ಳಿ ಮೂಡಿತೆಂದು ಏರು ಕಟ್ಟುವುದು, ರಾಗಿ ಬೀಸಲು ಏಳುವುದು ಆ ಸಂಪ್ರದಾಯಕ್ಕೆ ಸೇರಿದವು. ಈ ಎರಡನ್ನು ಬೆರೆಸಿದರೆ ಜನಪದರ ಜ್ಞಾನಕ್ಕೆ ಗೌರವ ಸಲ್ಲಿಸಿದಂತಾಗದು. ಅವರು ಹೇಳಿದ್ದು ಏನೆಂಬುದೇ ಮರೆಯಾಗುತ್ತದೆ.

ಪಂಚಾಂಗದ ಮನೆಯಿಂದ ವೀಕ್ಷಣಾಲಯಕ್ಕೆ

ಎಣಿಸುವ ನಕ್ಷತ್ರದಿಂದ ನೋಡುವ ನಕ್ಷತ್ರದ ಕಡೆಗೆ ತಿರುಗಿದ ಮೊದಲ ಹೆಜ್ಜೆಯನ್ನು ದಕ್ಷಿಣ ಭಾರತದಲ್ಲಿ ಇಟ್ಟವರು ಚಿಂತಾಮಣಿ ರಘುನಾಥಾಚಾರಿ. ಪಂಚಾಂಗ ರಚಿಸುವ ಮನೆತನದಲ್ಲಿ ಹುಟ್ಟಿದ ಅವರು ಮದರಾಸು ವೀಕ್ಷಣಾಲಯದಲ್ಲಿ ದಶಕಗಳ ಕಾಲ ದುಡಿದು ಪ್ರಥಮ ಸಹಾಯಕರ ಸ್ಥಾನಕ್ಕೇರಿದರು. 1861ರಿಂದ ಅಲ್ಲಿಯ ಮುಖ್ಯಸ್ಥರಾಗಿದ್ದ ನಾರ್ಮನ್ ಪೋಗ್ಸನ್, ನಕ್ಷತ್ರಗಳ ಕಾಂತಿಮಾನಕ್ಕೆ ಗಣಿತದ ನೆಲೆಗಟ್ಟನ್ನು ಒದಗಿಸಿದವರು. ಐದು ಕಾಂತಿಮಾನಗಳ ಅಂತರ ನೂರು ಪಟ್ಟು ಬೆಳಕಿಗೆ ಸಮ ಎಂಬ ಅವರ 1856ರ ಸೂತ್ರವೇ ಇಂದಿಗೂ ಬಳಕೆಯಲ್ಲಿದೆ. 1863ರಲ್ಲಿ ಅವರು ಮದರಾಸಿನಿಂದ ವೃಶ್ಚಿಕ ರಾಶಿಯ 'ಯು ಸ್ಕಾರ್ಪೈ' ಎಂಬ ನಕ್ಷತ್ರದ ಸ್ಫೋಟವನ್ನು ಕಂಡರು. ಮತ್ತೆ ಮತ್ತೆ ಉರಿದೇಳುವ ಆ ನೋವಾ 1999, 2010 ಮತ್ತು 2022ರಲ್ಲಿಯೂ ಸ್ಫೋಟಿಸಿತು.

ಇಂತಹ ವಾತಾವರಣದಲ್ಲಿ ರಘುನಾಥಾಚಾರಿ 1867ರಲ್ಲಿ ದಕ್ಷಿಣದ ರೆಟಿಕ್ಯುಲಂ ಪುಂಜದಲ್ಲಿ 'ಆರ್ ರೆಟಿಕ್ಯುಲೈ' ಎಂಬ ಚಂಚಲ ನಕ್ಷತ್ರವನ್ನು ಕಂಡುಹಿಡಿದರು. ಸುಮಾರು 280 ದಿನಗಳಿಗೊಮ್ಮೆ ಬೆಳಗಿ ಮಂಕಾಗುವ ನಕ್ಷತ್ರವದು. ಮೈಸೂರಿನಿಂದ ನೋಡಿದರೂ ದಕ್ಷಿಣ ದಿಗಂತದಿಂದ 15 ಅಂಶಗಳನ್ನು ಮೀರಿ ಅದು ಮೇಲೇರುವುದಿಲ್ಲ. ಯುರೋಪಿನ ವೀಕ್ಷಣಾಲಯಗಳಿಗಂತೂ ಅದು ಕಾಣುವುದೇ ಇಲ್ಲ. 1872ರಲ್ಲಿ ಅವರು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಫೆಲೊ ಆಗಿ ಆಯ್ಕೆಯಾದರು.

ಈ ಶೋಧದ ವಿಧಾನ ಸರಳವಾದದ್ದಾದರೂ ಕಠಿಣ ಶಿಸ್ತನ್ನು ಬೇಡುವಂತಹುದು. ಕಾಂತಿ ತಿಳಿದ ಅಕ್ಕಪಕ್ಕದ ನಕ್ಷತ್ರಗಳೊಡನೆ ಒಂದು ನಕ್ಷತ್ರವನ್ನು ಹೋಲಿಸಿ, ಯಾವುದಕ್ಕಿಂತ ಹೆಚ್ಚು, ಯಾವುದಕ್ಕಿಂತ ಕಡಿಮೆ ಎಂದು ಅಂದಾಜು ಮಾಡಿ, ದಿನಾಂಕ ಮತ್ತು ವೇಳೆಯೊಡನೆ ಬರೆಯಬೇಕು. ಮರುರಾತ್ರಿ ಮತ್ತೆ ಹಾಗೆಯೇ ಮಾಡಬೇಕು. ಕಾಣದಿದ್ದರೆ, ಇಂತಹ ಕಾಂತಿಯವರೆಗೆ ಹುಡುಕಿದರೂ ಕಾಣಲಿಲ್ಲ ಎಂದು ಬರೆಯಬೇಕು. 1911ರಲ್ಲಿ ಸ್ಥಾಪಿತವಾದ ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘವು ಜಗತ್ತಿನಾದ್ಯಂತ ಹವ್ಯಾಸಿಗಳಿಂದ ಸಂಗ್ರಹಿಸುವುದೂ ಇಂತಹ ಸಾಲುಗಳನ್ನೇ. ನಿತ್ಯ ತಿಥಿ ಬರೆಯುವ ಪಂಚಾಂಗಕಾರನ ಅಭ್ಯಾಸಕ್ಕೂ ಇದಕ್ಕೂ ಇರುವ ನಂಟು ಆಕಸ್ಮಿಕವಲ್ಲ. ರಘುನಾಥಾಚಾರಿ ದೃಗ್ಗಣಿತ ಪಂಚಾಂಗವನ್ನೂ ಪ್ರಕಟಿಸಿದರು. ಕಣ್ಣಿಗೆ ಕಂಡದ್ದರೊಡನೆ ಲೆಕ್ಕ ಹೊಂದಬೇಕೆಂಬುದು ಅವರ ವಾದವಾಗಿತ್ತು. 1874ರ ಡಿಸೆಂಬರ್ 9ರ ಶುಕ್ರಸಂಕ್ರಮಣವನ್ನು ಜನಸಾಮಾನ್ಯರಿಗೆ ವಿವರಿಸಲು ಸಂವಾದ ರೂಪದಲ್ಲಿ ಅವರು ರಚಿಸಿದ ಪುಸ್ತಿಕೆಯು ಕನ್ನಡದಲ್ಲಿಯೂ ಬಂದಿತು. ಅದನ್ನು ಇಂದಿನ ಓದುಗರ ಗಮನಕ್ಕೆ ತಂದವರೂ ಬಿ. ಎಸ್. ಶೈಲಜಾ ಅವರೇ. 1880ರಲ್ಲಿ ರಘುನಾಥಾಚಾರಿ ತೀರಿಕೊಂಡರು.

ಮೈಸೂರಿನ ಕನ್ನಡ ಬರವಣಿಗೆ

ಶೋಧವು ಮದರಾಸಿನಲ್ಲಿ ನಡೆದರೂ ಅದನ್ನು ಅರ್ಥಮಾಡಿಕೊಳ್ಳುವ ಕನ್ನಡ ಭಾಷೆ ಬಹುಮಟ್ಟಿಗೆ ಮೈಸೂರಿನಲ್ಲಿ ರೂಪುಗೊಂಡಿತು. ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಆರ್. ಎಲ್. ನರಸಿಂಹಯ್ಯನವರ 'ಜಗತ್ತುಗಳ ಹುಟ್ಟು ಸಾವು' ನಕ್ಷತ್ರಕ್ಕೂ ಹುಟ್ಟು ಸಾವುಗಳುಂಟೆಂಬ ವಿಚಾರವನ್ನು ಕನ್ನಡಿಗರಿಗೆ ತಿಳಿಗನ್ನಡದಲ್ಲಿ ಹೇಳಿತು. ಮಡಿಕೇರಿಯಲ್ಲಿ ಹುಟ್ಟಿ ಮೈಸೂರಿನಲ್ಲಿ ನೆಲೆಸಿದ ಜಿ. ಟಿ. ನಾರಾಯಣ ರಾವ್ (1926–2008) ಅವರು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರಾಗಿ ದುಡಿದರು. 'ನಕ್ಷತ್ರ ವೀಕ್ಷಣೆ'ಯಂತಹ ಕೃತಿಯ ಮೂಲಕ ಅವರು ಓದುಗರನ್ನು ಪುಸ್ತಕದಿಂದ ಎಬ್ಬಿಸಿ ಅಂಗಳಕ್ಕೆ ಕರೆತಂದರು. ಎಣಿಸುವ ನಕ್ಷತ್ರದ ನಾಡಿನಲ್ಲಿ ನೋಡುವ ನಕ್ಷತ್ರದ ರೂಢಿಯನ್ನು ಕಟ್ಟುವ ಪ್ರಯತ್ನವದು.

1987ರ ಫೆಬ್ರವರಿ 24ರಂದು ದೊಡ್ಡ ಮೆಗಲನಿಕ್ ಮೋಡದಲ್ಲಿ ಸೂಪರ್‌ನೋವಾ ಒಂದು ಪತ್ತೆಯಾಯಿತು. 1604ರ ಅನಂತರ ಬರಿಗಣ್ಣಿಗೆ ಸುಲಭವಾಗಿ ಕಾಣುವಂತಿದ್ದ ಮೊದಲ ಸೂಪರ್‌ನೋವಾ ಅದು. ಮೈಸೂರಿನ ಅಕ್ಷಾಂಶದಲ್ಲಿ ದಿಗಂತದಿಂದ ಎಂಟು ಅಂಶಗಳಷ್ಟು ಮಾತ್ರ ಅದು ಮೇಲೇರಿತು. ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿರುವ ತಮಿಳುನಾಡಿನ ಕಾವಲೂರಿನಿಂದ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಟಿ. ಪಿ. ಪ್ರಭು, ಜಿ. ಸಿ. ಅನುಪಮಾ ಮೊದಲಾದವರು ಅಷ್ಟು ತಗ್ಗಿನಲ್ಲಿಯೂ ಅದರ ರೋಹಿತವನ್ನು ಪಡೆದರು. 2000ದಲ್ಲಿ ಲಡಾಖಿನ ಹಾನ್ಲೆಯಲ್ಲಿ ಕಾರ್ಯಾರಂಭ ಮಾಡಿದ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುವ ವ್ಯವಸ್ಥೆ ಬಂದ ಮೇಲೆ, ಸೂಪರ್‌ನೋವಾಗಳನ್ನು ಸತತವಾಗಿ ಅನುಸರಿಸುವ ಕೆಲಸ ಕರ್ನಾಟಕದ ನೆಲದಿಂದಲೇ ನಡೆಯುವಂತಾಯಿತು. ಸಾವಿರ ವರ್ಷಗಳ ಹಿಂದೆ ಈ ಸೀಮೆಯಲ್ಲಿ ಇಲ್ಲದಿದ್ದ ಬರಹದ ವ್ಯವಸ್ಥೆ ಈಗ ಇದೆ.

ಉಪಸಂಹಾರ

ಚಂಚಲ ನಕ್ಷತ್ರಗಳ ವೀಕ್ಷಕರಿಗೆ ಎರಡು ಬಗೆಯ ಖಾಲಿ ಸಾಲುಗಳ ನಡುವಣ ಭೇದ ಚೆನ್ನಾಗಿ ತಿಳಿದಿದೆ. ನೋಡಿ ಕಾಣದೆ ಹೋದದ್ದು ಒಂದು. ನೋಡಿ ಬರೆಯುವವರೇ ಇಲ್ಲದೆ ಹೋದದ್ದು ಇನ್ನೊಂದು. ಮೊದಲನೆಯದು ಸಾಕ್ಷ್ಯ, ಎರಡನೆಯದು ಸಾಕ್ಷ್ಯವಲ್ಲ. 1006 ಮತ್ತು 1054ರ ಬಗೆಗಿನ ಮೈಸೂರು ಸೀಮೆಯ ಶಾಸನಗಳ ಮೌನವು ಎರಡನೆಯ ಬಗೆಯದು. ಆ ಮೌನದಿಂದ ಪೂರ್ವಿಕರ ಅಜ್ಞಾನವನ್ನು ಸ್ಥಾಪಿಸಲಾಗದು, ಗುಪ್ತಜ್ಞಾನವನ್ನೂ ಸ್ಥಾಪಿಸಲಾಗದು. ದಾನದ ಕಲ್ಲು ದಾನವನ್ನು ಬರೆಯಿತು, ಪಂಚಾಂಗ ಗಣಿತವನ್ನು ಬರೆಯಿತು, ಮಳೆಯ ನಕ್ಷತ್ರ ಬೇಸಾಯದ ಕಾಲವನ್ನು ಹೇಳಿತು. ತಮ್ಮ ತಮ್ಮ ಕೆಲಸವನ್ನು ಅವು ಚೆನ್ನಾಗಿಯೇ ಮಾಡಿದವು.

ಈ ಭೇದವು ಜಾನಪದ ಕ್ಷೇತ್ರಕಾರ್ಯಕ್ಕೂ ಅನ್ವಯಿಸುತ್ತದೆ. ಮಲೆಯ ಮಾದೇಶ್ವರ, ಮಂಟೇಸ್ವಾಮಿ ಪರಂಪರೆಗಳ ಕಂಸಾಳೆಯವರಿಂದ, ನೀಲಗಾರರಿಂದ ಮಹಾಕಾವ್ಯಗಳನ್ನು ಸಂಗ್ರಹಿಸಿದ ಶ್ರಮ ಮೈಸೂರಿನ ವಿದ್ವಾಂಸರ ದೊಡ್ಡ ಕೊಡುಗೆ. ಆಕಾಶದ ಬದಲಾವಣೆಗಳ ಬಗೆಗೂ ಪ್ರಶ್ನೆ ಕೇಳಿ, ವಕ್ತೃವು ಹೇಳಿದ್ದನ್ನು ಮಾತ್ರವಲ್ಲದೆ, ಕೇಳಿದರೂ ನೆನಪಿಲ್ಲವೆಂದದ್ದನ್ನೂ ದಿನಾಂಕ ಮತ್ತು ಊರಿನ ಹೆಸರಿನೊಡನೆ ಬರೆದಿಡುವ ಕ್ರಮ ಇನ್ನು ಮುಂದೆ ಬೆಳೆಯಬೇಕಾಗಿದೆ. ಬಾಲಚುಕ್ಕಿಯನ್ನು, ಗ್ರಹಣವನ್ನು, 2020ರಲ್ಲಿ ಮಂಕಾದ ಆರ್ದ್ರೆಯನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ದಸರೆಯ ದೀಪಾಲಂಕಾರ ಮತ್ತು ಬೀದಿದೀಪಗಳ ಬೆಳಕಿನಲ್ಲಿ ಮೈಸೂರಿನ ರಾತ್ರಿಯ ಆಕಾಶ ತೆಳುವಾಗಿದ್ದರೂ ಚಳಿಗಾಲದಲ್ಲಿ ಆರ್ದ್ರೆ ನಗರದ ಮಾಳಿಗೆಯಿಂದ ಈಗಲೂ ಕಾಣುತ್ತದೆ. ರೋಹಿಣಿಯೊಡನೆ ಹೋಲಿಸಿ ಅದರ ಕಾಂತಿಯನ್ನು ಬರೆದಿಡಲು ದೂರದರ್ಶಕದ ಅಗತ್ಯವೂ ಇಲ್ಲ. ಅಂತಹ ಸಾಲುಗಳು ಉಳಿದು ಬಂದರೆ, ಮುಂದಿನ ಸಂಶೋಧಕನು ಈ ಕಾಲದ ಮೌನವನ್ನು ಊಹೆಯಿಂದ ತುಂಬಬೇಕಾದ ಪ್ರಮೇಯ ಬರುವುದಿಲ್ಲ.